‘ಇದು ಶುರುವಾಗುವುದು ಯಾವಾಗ?’

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಮೂವತ್ತು ದಾಟಿದ ಉದ್ಯೋಗಸ್ಥೆ. ಸಂಗೀತ ಕಲಿತವಳಲ್ಲ. ಕೆಲವು ವರ್ಷಗಳ ಹಿಂದೆ ಅಕಸ್ಮಾತ್ತಾಗಿ ರುದ್ರವೀಣೆಯ ಧ್ವನಿಮುದ್ರಣವೊಂದು ಕಿವಿಗೆ ಬಿತ್ತು. ಅಲ್ಲಿಂದ ಹಿಂದೂಸ್ತಾನಿ ಸಂಗೀತದ ಹಳೆಯ ಪ್ರಕಾರವಾದ ಧ್ರುಪದ ಗಾಯನಕ್ಕೆ ಬಂದೆ. ಈಗ ದಿನಕ್ಕೆ ಸ್ವಲ್ಪ ಹೊತ್ತಾದರೂ ಆಲಾಪ ಕೇಳದಿದ್ದರೆ ಮನಸ್ಸಿಗೆ ನೆಮ್ಮದಿಯಿಲ್ಲ. ಆದರೆ ನನ್ನ ಸುತ್ತಮುತ್ತ ಇದನ್ನು ಇಷ್ಟಪಡುವವರು ಒಬ್ಬರೂ ಇಲ್ಲ. ‘ಯಾರೋ ನರಳಿದ ಹಾಗಿದೆ, ನಿಲ್ಲಿಸು’ ಎಂದು ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ಶಾಸ್ತ್ರೀಯ ಸಂಗೀತವನ್ನು ಚೆನ್ನಾಗಿಯೇ ಬಲ್ಲ ಅಕ್ಕ ಕೂಡ ಐದು ನಿಮಿಷ ಕೇಳಿ, ‘ಇದು ಶುರುವಾಗುವುದು ಯಾವಾಗ?’ ಎಂದಳು. ಗೆಳತಿಯರಿಗೆ ಕಳುಹಿಸಿದರೆ ಅವರಿಂದ ಉತ್ತರವೇ ಬರುವುದಿಲ್ಲ. ಮೊನ್ನೆ ರಾತ್ರಿ ಯಮನ್ ರಾಗದ ಆಲಾಪ ಕೇಳುತ್ತಾ ಕಣ್ಣು ತುಂಬಿತು. ಯಾರಿಗಾದರೂ ಹೇಳಬೇಕು ಅನ್ನಿಸಿತು. ಹೇಳಲು ಯಾರೂ ಇರಲಿಲ್ಲ. ನನ್ನ ಅಭಿರುಚಿಯಲ್ಲೇ ಏನಾದರೂ ಕೊರತೆ ಇದೆಯೇ? ಬೇರೆಯವರಿಗೆ ಇದನ್ನು ಇಷ್ಟವಾಗಿಸುವುದು ಹೇಗೆ?
– ಹೆಸರು ಬೇಡ

ಉತ್ತರ: ನಿಮ್ಮ ಅಕ್ಕ ಕೇಳಿದ್ದು ಒಳ್ಳೆಯ ಪ್ರಶ್ನೆ. ಅಲ್ಲಿಂದಲೇ ಹೊರಡೋಣ.

ಹಿಂದೂಸ್ತಾನಿಯಲ್ಲಿ ಇಂದು ಹೆಚ್ಚಾಗಿ ಕೇಳಿಬರುವ ಖಯಾಲ್ ಅಥವಾ ಕರ್ನಾಟಕ ಸಂಗೀತದ ಕಛೇರಿಗಳನ್ನು ಕೇಳಿ ಬೆಳೆದವರು ಆಲಾಪದ ಹೊತ್ತಿನಲ್ಲಿ ಮುಂದೆ ಬರಲಿರುವುದನ್ನು ಕಾಯುತ್ತಿರುತ್ತಾರೆ. ರಾಗದ ಗುರುತು ಸಿಕ್ಕಿತು, ಇನ್ನು ಕೃತಿಯೋ ಬಂದಿಶೋ ಬರಲಿ, ತಾಳ ಸೇರಲಿ ಎಂದು ಕಿವಿ ಸಿದ್ಧವಾಗುತ್ತದೆ. ಧ್ರುಪದದಲ್ಲಿ ಆ ಲೆಕ್ಕವೇ ಬೇರೆ. ತಾಳವಿಲ್ಲದ ಆಲಾಪ, ಮಿಡಿತ ಕೂಡಿಕೊಂಡ ಜೋಡ್, ವೇಗದ ಝಾಲಾ, ಇಷ್ಟೇ ಒಂದು ಗಂಟೆ ನಡೆಯಬಹುದು. ಮೃದಂಗದಂಥ ತಾಳವಾದ್ಯ ಪಖಾವಜ್ ಜೊತೆಗಿನ ಬಂದಿಶ್, ಅಂದರೆ ಸಾಹಿತ್ಯವಿರುವ ರಚನೆ, ಕೊನೆಯಲ್ಲಿ ಸ್ವಲ್ಪ ಹೊತ್ತು ಬಂದು ಹೋಗುತ್ತದೆ. ಅಂದರೆ ಐದನೆಯ ನಿಮಿಷದಲ್ಲಿ ಅಕ್ಕ ಯಾವುದಕ್ಕಾಗಿ ಕಾಯುತ್ತಿದ್ದರೋ ಅದು ಇನ್ನೂ ಮುಕ್ಕಾಲು ಗಂಟೆ ದೂರದಲ್ಲಿತ್ತು. ಆಗಲೇ ಶುರುವಾಗಿದೆ, ಕಾಯಬೇಕಾದದ್ದು ಏನೂ ಇಲ್ಲ ಎಂದು ಅವರಿಗೆ ಯಾರಾದರೂ ಹೇಳಬೇಕಿತ್ತು. ಆ ಕೆಲಸ ನಿಮ್ಮದು.

ನಿಮ್ಮ ಅಭಿರುಚಿಯಲ್ಲಿ ಕೊರತೆಯಿಲ್ಲ. ಇದರ ಬಗ್ಗೆ ಒಂದು ಸಾಲಿಗಿಂತ ಹೆಚ್ಚು ಬರೆಯುವ ಅಗತ್ಯವೂ ನನಗೆ ಕಾಣುವುದಿಲ್ಲ. ಕಲಿಯದೆಯೇ ಯಮನ್ ಆಲಾಪಕ್ಕೆ ಕಣ್ಣು ತುಂಬಿಕೊಳ್ಳುವವರು ತಮ್ಮ ಕಿವಿಯನ್ನು ನಂಬಬಹುದು.

ಇನ್ನು ನೀವು ಅದನ್ನು ಇತರರಿಗೆ ಕೇಳಿಸುತ್ತಿರುವ ಬಗೆ. ಗೆಳತಿಯರಿಗೆ ಕಳುಹಿಸುತ್ತೀರಿ, ಅವರು ಮೊಬೈಲ್‌ನಲ್ಲಿ ಕೇಳುತ್ತಾರೆ, ಅಲ್ಲವೇ? ರುದ್ರವೀಣೆಗೆ ಎರಡು ದೊಡ್ಡ ಸೋರೆ ಬುರುಡೆಗಳಿವೆ. ಉದ್ದನೆಯ ಟೊಳ್ಳು ದಂಡಿಯಿದೆ. ಉಸ್ತಾದ್ ಜಿಯಾ ಮೊಹಿಯುದ್ದೀನ್ ಡಾಗರ್ (1929–1990) ತಮ್ಮ ವೀಣೆಯ ಬುರುಡೆ, ದಂಡಿಗಳನ್ನು ಇನ್ನೂ ದಪ್ಪಗೆ ಮಾಡಿಸಿಕೊಂಡರು. ಮಂದ್ರದ ನಾದ ತುಂಬಿ ಬರಲಿ, ಒಮ್ಮೆ ಮೀಟಿದ ಸ್ವರ ಬಹಳ ಹೊತ್ತು ನಿಲ್ಲಲಿ ಎಂಬುದೇ ಅದರ ಉದ್ದೇಶ. ಹೀಗೆ ಸಾಧಿಸಿದ ಮಂದ್ರ ನಾದ ಮೊಬೈಲ್‌ನ ಗುಂಡಿಯಷ್ಟಗಲದ ಸ್ಪೀಕರಿನಿಂದ ಬಹುಪಾಲು ಹೊರಗೇ ಬರುವುದಿಲ್ಲ. ಉಳಿಯುವುದು ತಂತಿಗೆ ಬೆರಳು ತಾಕಿದ ಟಕ್ ಎಂಬ ಸದ್ದು, ಆಮೇಲೆ ಮೌನ, ಮತ್ತೊಂದು ಟಕ್. ನಿಮ್ಮ ಗೆಳತಿಯರು ಉತ್ತರಿಸದೇ ಇದ್ದರೆ ಆಶ್ಚರ್ಯವಿಲ್ಲ. ಅವರಿಗೆ ರುದ್ರವೀಣೆ ಕೇಳಿಸಿಯೇ ಇಲ್ಲ. ಮೊದಲು ಒಳ್ಳೆಯ ಹೆಡ್‌ಫೋನ್ ಅಥವಾ ಸ್ವಲ್ಪ ದೊಡ್ಡ ಸ್ಪೀಕರಿನ ವ್ಯವಸ್ಥೆ ಮಾಡಿಕೊಳ್ಳಿ. ಮಂದ್ರ ಸಪ್ತಕದ ತಂತಿಯೊಂದನ್ನು ಮೀಟಿ, ಅದನ್ನು ಪಕ್ಕಕ್ಕೆ ಎಳೆದು, ಸ್ವರ ನಿಧಾನವಾಗಿ ಮೇಲೇರುವುದನ್ನು ಅದರಲ್ಲಿ ಕೇಳಿ ನೋಡಿ. ಒಂದೇ ಮೀಟಿಗೆ ಎಷ್ಟು ಸ್ವರಗಳು ಹಾದುಹೋದವು, ನಡುವೆ ಎಲ್ಲೂ ಕತ್ತರಿಸದೆ ಹೇಗೆ ಹಾದುಹೋದವು ಎಂಬುದು ಆಗ ತಿಳಿಯುತ್ತದೆ. ಈ ಮೀಂಡನ್ನು ಕೇಳಿಸಿಕೊಂಡವರು ವಾದ್ಯವನ್ನು ಮರೆಯುವುದಿಲ್ಲ.

ಎರಡನೆಯದಾಗಿ, ಎಲ್ಲರಿಗೂ ಕಳುಹಿಸುವುದನ್ನು ನಿಲ್ಲಿಸಿ. ಒಬ್ಬರನ್ನು ಆರಿಸಿಕೊಳ್ಳಿ. ನಿಮ್ಮ ಪತ್ರವನ್ನು ಓದಿದಾಗ ನನಗೆ ಅನ್ನಿಸಿದ್ದು ಇಷ್ಟು: ಧ್ರುಪದಕ್ಕೆ ಅಭಿಮಾನಿಗಳನ್ನು ಸಂಪಾದಿಸಿಕೊಡಬೇಕು ಎಂಬುದು ನಿಮ್ಮ ನಿಜವಾದ ಆಸೆಯಲ್ಲ. ಆ ರಾತ್ರಿ ಕಣ್ಣು ತುಂಬಿದ್ದು ಆಲಾಪದ ಯಾವ ಜಾಗದಲ್ಲಿ ಎಂದು ಹೇಳಿಕೊಳ್ಳಲು ಒಬ್ಬರು ಬೇಕಾಗಿದೆ. ಈ ಎರಡು ಬೇರೆ ಬೇರೆ. ಮೊದಲನೆಯದರ ಹಿಂದೆ ಹೋದರೆ ದಣಿವು, ಬೇಸರ, ಮನೆಮಂದಿಯ ಮೇಲೆ ಸಿಟ್ಟು. ಎರಡನೆಯದು ಸಾಧ್ಯವಾಗುವಂಥದ್ದು.

ನನಗೆ ಬಹಳ ವರ್ಷಗಳಿಂದ ಅಂಥ ಒಬ್ಬ ಗೆಳತಿ ಇದ್ದಾರೆ. ವಯಸ್ಸಿನಲ್ಲಿ ನನಗಿಂತ ಹಿರಿಯರು. ಇಬ್ಬರೂ ಒಂದೇ ಧ್ವನಿಮುದ್ರಣವನ್ನು ತಂತಮ್ಮ ಮನೆಯಲ್ಲಿ ಕೇಳುತ್ತೇವೆ, ಆಮೇಲೆ ಫೋನ್ ಮಾಡುತ್ತೇವೆ. ಒಬ್ಬೊಬ್ಬರು ಒಂದೇ ಒಂದು ಜಾಗವನ್ನು ಹೇಳಬೇಕು ಎಂಬುದು ನಿಯಮ. ‘ಧೈವತದಿಂದ ಇಳಿಯುವಾಗ ಅವರು ತಡೆದು ನಿಂತರಲ್ಲ, ಅಲ್ಲಿ’ ಎಂದು ಅವರು ಅನ್ನುತ್ತಾರೆ. ನಾನು ಆ ಜಾಗವನ್ನು ಗಮನಿಸಿಯೇ ಇರುವುದಿಲ್ಲ. ಮತ್ತೆ ಹಾಕಿ ಕೇಳಿದರೆ, ಹೌದು, ಅಲ್ಲೇ ಇದೆ. ಅವರ ಕಿವಿಯಿಂದ ನನಗೆ ಸಿಕ್ಕಿದ್ದನ್ನು ಯಾವ ಪುಸ್ತಕವೂ ಕೊಟ್ಟಿಲ್ಲ. ಚೆನ್ನಾಗಿದೆ, ಅದ್ಭುತ ಎಂಬ ಮಾತುಗಳು ನಮ್ಮ ನಡುವೆ ಬರುವುದೇ ಇಲ್ಲ. ನೀವೂ ಹೀಗೆ ಮಾಡಿ ಎಂದು ಒತ್ತಿ ಹೇಳುತ್ತೇನೆ.

ಆ ಒಬ್ಬರು ನಿಮ್ಮ ಅಕ್ಕನೇ ಆಗಬಹುದು. ಅವರು ಐದು ನಿಮಿಷ ಕೇಳಿದ್ದಾರೆ, ಕೇಳಿ ಪ್ರಶ್ನೆಯನ್ನೂ ಮಾಡಿದ್ದಾರೆ. ‘ನಿಲ್ಲಿಸು’ ಎಂದವರಿಗಿಂತ ಅವರು ಎಷ್ಟೋ ಹತ್ತಿರದಲ್ಲಿದ್ದಾರೆ. ಯಮನ್ ಕರ್ನಾಟಕ ಸಂಗೀತದ ಕಲ್ಯಾಣಿಗೆ ತೀರ ಹತ್ತಿರದ ರಾಗವಾದ್ದರಿಂದ ಅಕ್ಕನಿಗೆ ಸ್ವರಗಳು ಅಪರಿಚಿತವಲ್ಲ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಷ್ಟು ಹೇಳಿ: ‘ಹಾಡಿಗೆ ಕಾಯಬೇಡ. ಷಡ್ಜ ಎಲ್ಲಿದೆ ಎಂದು ತಂಬೂರಿಯಲ್ಲಿ ಕೇಳಿಕೋ. ಕೆಳಗಿನ ನಿಷಾದದಿಂದ ಷಡ್ಜವನ್ನು ಮುಟ್ಟದೆ ನೇರ ರಿಷಭಕ್ಕೆ ಹೋಗುತ್ತಾರೆ, ಅಲ್ಲಿಂದ ಷಡ್ಜಕ್ಕೆ ಇಳಿಯುತ್ತಾರೆ, ಅದನ್ನು ಗುರುತಿಸು. ಗಾಂಧಾರ ಯಾವಾಗ ಬರುತ್ತದೆ ಎಂದು ನೋಡುತ್ತಿರು.’ ಅಷ್ಟು ಸಾಕು. ಗಾಂಧಾರವನ್ನು ಎದುರು ನೋಡುತ್ತಿರುವವರಿಗೆ ಆಲಾಪ ನಿಧಾನ ಎನ್ನಿಸುವುದಿಲ್ಲ. ಹತ್ತಿರ ಬಂದು, ತಾಕಿದಂತೆ ಮಾಡಿ, ಮತ್ತೆ ಹಿಂದಕ್ಕೆ ಸರಿದು, ಕೊನೆಗೊಮ್ಮೆ ಅದರ ಮೇಲೆ ನಿಂತಾಗ ಕೇಳುವವರ ಉಸಿರು ತಾನಾಗಿಯೇ ಇಳಿಯುತ್ತದೆ. ಯಮನ್‌ನಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಅದು. ತೀವ್ರ ಮಧ್ಯಮ ಕಾಣಿಸಿಕೊಳ್ಳುವುದು ಅದರ ನಂತರದ ಸಂಗತಿ. ಆ ಹೊತ್ತಿಗೆ ಅಕ್ಕ ತಾವೇ ಕೇಳುತ್ತಿರುತ್ತಾರೆ.

ರಾಗದ ಗಂಧವಿಲ್ಲದ ಗೆಳತಿಯಾದರೆ ಆಲಾಪದಿಂದ ಆರಂಭಿಸಲೇಬೇಡಿ. ಕೊನೆಯಿಂದ ಶುರು ಮಾಡಿ. ಪಖಾವಜ್ ಜೊತೆಗಿರುವ ಬಂದಿಶ್ ಹಾಕಿ, ಚೌತಾಲದ್ದಾದರೆ ಒಳ್ಳೆಯದು. ಹನ್ನೆರಡು ಮಾತ್ರೆ, ಒಂದು, ಐದು, ಒಂಬತ್ತು, ಹನ್ನೊಂದರ ಮೇಲೆ ಚಪ್ಪಾಳೆ, ಮೂರು, ಏಳರ ಮೇಲೆ ಖಾಲಿ, ಅಂದರೆ ಅಂಗೈಯನ್ನು ಮೇಲಕ್ಕೆ ತಿರುಗಿಸುವುದು. ಇದನ್ನು ಕೈಯಲ್ಲಿ ಹಾಕುತ್ತಾ ಕೇಳಲು ಹೇಳಿ. ಪಖಾವಜಿನ ಎಡಮುಖಕ್ಕೆ ಕಛೇರಿಗೆ ಮುನ್ನ ಕಲಸಿದ ಗೋಧಿ ಹಿಟ್ಟನ್ನು ಮೆತ್ತುತ್ತಾರೆ. ಆ ಗಂಭೀರವಾದ ಗುಮ್ಮೆನ್ನುವ ಪೆಟ್ಟು ಅಲ್ಲಿಂದ ಬರುತ್ತದೆ. ಗಾಯಕರು ಸಾಹಿತ್ಯವನ್ನು ಇಬ್ಭಾಗ, ನಾಲ್ಭಾಗ ಮಾಡುತ್ತಾ ಪಖಾವಜಿನೊಂದಿಗೆ ಸೆಣಸಿ, ಒಟ್ಟಿಗೆ ಸಮ್‌ಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬಂದು ಬೀಳುವುದನ್ನು ಕೈಯಲ್ಲಿ ತಾಳ ಹಾಕುತ್ತಾ ಕೇಳಿದ ಯಾರೂ ‘ನರಳಿದ ಹಾಗಿದೆ’ ಎನ್ನುವುದಿಲ್ಲ. ಅದು ಹಿಡಿಸಿದರೆ ಜೋಡ್‌ಗೆ ಹೋಗಿ, ಆಮೇಲೆ ಆಲಾಪ. ‘ರಿ, ರೆ, ನಾ, ನೋಂ, ತೋಂ’ ಎಂದು ಹಾಡುತ್ತಾರಲ್ಲ, ಅವು ‘ಓಂ ಅನಂತ ಹರಿ ನಾರಾಯಣ’ ಎಂಬುದರ ಅಕ್ಷರಗಳು ಎಂದು ಧ್ರುಪದದ ಡಾಗರ್ ಪರಂಪರೆಯವರು ಹೇಳುತ್ತಾರೆ. ಇದನ್ನೂ ಮೊದಲೇ ತಿಳಿಸಿ. ಅರ್ಥವಾಗದ ಸದ್ದು ಎಂಬ ಅಡ್ಡಿ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಮನೆಯವರನ್ನು ಬಿಟ್ಟುಬಿಡಿ. ಬೇಡವೆಂದವರ ಕಿವಿಗೆ ದಿನವೂ ತುಂಬಿದರೆ ಅಸಡ್ಡೆ ಇದ್ದದ್ದು ದ್ವೇಷವಾಗುತ್ತದೆ. ನಿಮಗೊಂದು ಹೊತ್ತು ಗೊತ್ತುಮಾಡಿಕೊಳ್ಳಿ, ಆ ಹೊತ್ತಿನಲ್ಲಿ ಯಾರೂ ಕರೆಯಬಾರದು ಎಂದು ತಿಳಿಸಿ. ಅವರು ಸಂಗೀತವನ್ನು ಮೆಚ್ಚಬೇಕಾಗಿಲ್ಲ, ನಿಮ್ಮ ಹೊತ್ತನ್ನು ಗೌರವಿಸಿದರೆ ಸಾಕು. ಇದನ್ನು ಅವರಿಂದ ಕೇಳುವ ಹಕ್ಕು ನಿಮಗಿದೆ. ಆ ವಿಷಯದಲ್ಲಿ ಸಂಕೋಚ ಬೇಡ.

ನೀವು ಪ್ರೀತಿಸುವ ಈ ಸಂಗೀತ ಕೆಲವರಿಂದಲೇ ಉಳಿದು ಬಂದದ್ದು ಎಂಬುದು ನಿಮಗೆ ಗೊತ್ತಿರಲಿ. ತಾನ್‌ಸೇನರ ಕಾಲದಲ್ಲಿ ಧ್ರುಪದವೇ ಆಸ್ಥಾನದ ಸಂಗೀತ. ಹದಿನೆಂಟನೆಯ ಶತಮಾನದಲ್ಲಿ ಮೊಗಲ್ ದೊರೆ ಮುಹಮ್ಮದ್ ಶಾನ ಆಸ್ಥಾನದಿಂದ ಖಯಾಲ್ ಮೇಲೆದ್ದಿತು. ‘ಸದಾರಂಗ’ ಎಂಬ ಅಂಕಿತದಲ್ಲಿ ಆ ಖಯಾಲ್‌ಗಳನ್ನು ರಚಿಸಿದ ನಿಯಾಮತ್ ಖಾನ್ ಸ್ವತಃ ರುದ್ರವೀಣೆಯ ವಾದಕರು. ಆಮೇಲೆ ಆಸ್ಥಾನಗಳೂ ಹೋದವು. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಧ್ರುಪದವನ್ನು ಹಿಡಿದುಕೊಂಡಿದ್ದವು ಬೆರಳೆಣಿಕೆಯ ಮನೆತನಗಳು. ಮೊಯಿನುದ್ದೀನ್ ಮತ್ತು ಅಮೀನುದ್ದೀನ್ ಡಾಗರ್ ಸಹೋದರರು 1960ರ ದಶಕದಲ್ಲಿ ಯುರೋಪಿನಲ್ಲಿ ಹಾಡಿದಾಗ ಅಲ್ಲಿನ ಕೇಳುಗರು ತಾಳ್ಮೆಯಿಂದ ಕೂತು ಕೇಳಿದರು. ಜಿಯಾ ಫರೀದುದ್ದೀನ್ ಡಾಗರ್ 1980ರ ದಶಕದಲ್ಲಿ ಭೋಪಾಲದ ಧ್ರುಪದ ಕೇಂದ್ರದಲ್ಲಿ ಮನೆತನದ ಹೊರಗಿನ ಹುಡುಗರನ್ನು ಕೂರಿಸಿಕೊಂಡು ಕಲಿಸಿದರು. ಭುಜದ ಮೇಲೆ ವೀಣೆಯನ್ನು ಹೊತ್ತು ನುಡಿಸುತ್ತಿದ್ದ ಅಸದ್ ಅಲಿ ಖಾನ್ 2011ರಲ್ಲಿ ತೀರಿಕೊಳ್ಳುವವರೆಗೂ ಆ ಹಳೆಯ ಕೂರುವ ಭಂಗಿಯನ್ನು ಬಿಡಲಿಲ್ಲ. ಇವರೆಲ್ಲರ ಎದುರಿಗೆ ಕೂತಿದ್ದ ಕೇಳುಗರು ಯಾವ ಕಾಲದಲ್ಲೂ ಸಾವಿರಗಟ್ಟಲೆ ಇರಲಿಲ್ಲ. ನಿಮ್ಮಂಥ ಕೆಲವರು ಇದ್ದರು.

ದೂರದ ಉದಾಹರಣೆಯೊಂದೂ ನೆನಪಾಗುತ್ತದೆ. ಪಿಟೀಲಿನ ಜಾತಿಯ ದೊಡ್ಡ ವಾದ್ಯವಾದ ಸೆಲ್ಲೋದ ವಾದಕ ಪಾಬ್ಲೊ ಕಸಾಲ್ಸ್ ಹದಿಮೂರರ ಹುಡುಗನಾಗಿದ್ದಾಗ ಬಾರ್ಸಿಲೋನಾದ ಅಂಗಡಿಯೊಂದರಲ್ಲಿ ಪಾಶ್ಚಾತ್ಯ ಸಂಗೀತಕಾರ ಬಾಕ್ ಬರೆದ ಸೆಲ್ಲೋ ಸೂಟ್‌ಗಳ ಹಳೆಯ ಪ್ರತಿ ಸಿಕ್ಕಿತು. ಅಂದಿನ ವಾದಕರಿಗೆ ಅವು ಬೆರಳು ಪಳಗಿಸುವ ಅಭ್ಯಾಸದ ಪಾಠಗಳಷ್ಟೇ. ಕಸಾಲ್ಸ್ ವರ್ಷಗಟ್ಟಲೆ ಒಬ್ಬರೇ ಸಾಧನೆ ಮಾಡಿ ಆಮೇಲೆ ಸಭೆಯಲ್ಲಿ ನುಡಿಸಿದರು. 1936ರಿಂದ 1939ರ ನಡುವೆ ಪೂರ್ತಿಯಾಗಿ ಧ್ವನಿಮುದ್ರಿಸಿದರು. ಇಂದು ಅವನ್ನು ನುಡಿಸದ ಸೆಲ್ಲೋ ವಾದಕರೇ ಇಲ್ಲ. ನಿಮಗೆ ವಾದನದ ಹೊಣೆಯಿಲ್ಲ, ಕೇಳುವುದಷ್ಟೇ. ಆದರೆ ಒಬ್ಬರೇ ಇದ್ದ ಆ ವರ್ಷಗಳಲ್ಲಿ ಕಸಾಲ್ಸ್ ಕಾಗದದ ಮೇಲೆ ಕಂಡದ್ದು ಸುಳ್ಳಾಗಿರಲಿಲ್ಲ, ನೀವು ಕೇಳಿದ್ದೂ ಸುಳ್ಳಲ್ಲ.

ಮುಂದಿನ ಸಲ ಧ್ರುಪದದ ಕಛೇರಿ ಎಲ್ಲಾದರೂ ಇದ್ದರೆ ಹೋಗಿ, ಮುಗಿದ ಕೂಡಲೇ ಎದ್ದು ಬರಬೇಡಿ. ಅಲ್ಲಿ ಉಳಿದು ಮಾತನಾಡುವವರಲ್ಲಿ ನಿಮ್ಮ ಹಾಗೆಯೇ ಒಬ್ಬರೇ ಬಂದವರು ಖಂಡಿತ ಇರುತ್ತಾರೆ. ಮತ್ತು ಆ ರಾತ್ರಿ ಯಮನ್‌ನ ಯಾವ ಜಾಗದಲ್ಲಿ ಕಣ್ಣು ತುಂಬಿತು ಎಂದು ನನಗಾದರೂ ಬರೆದು ತಿಳಿಸಿ. ಯಾರ ಧ್ವನಿಮುದ್ರಣ, ಎಷ್ಟನೆಯ ನಿಮಿಷ ಎಂಬುದನ್ನೂ ಬರೆಯಿರಿ. ನಾನು ಕೇಳುತ್ತೇನೆ.

ಪ್ರಶ್ನೆ: ನನ್ನ ಹೆಂಡತಿಗೆ ಸಾರಂಗಿ ಎಂದರೆ ಪ್ರಾಣ. ನನಗೆ ಸಾರಂಗಿಯೆಂದಲ್ಲ, ಯಾವ ಸಂಗೀತ ಕೇಳಿದರೂ ಏನೂ ಅನ್ನಿಸುವುದಿಲ್ಲ. ಅವಳ ಸಂತೋಷಕ್ಕೆಂದು ತಲೆದೂಗುತ್ತೇನೆ. ಅದು ನಾಟಕವೆಂದು ಅವಳಿಗೆ ಗೊತ್ತಾಗಿ ನೋವಾಗಿದೆ. ನಾನು ಅರಸಿಕನೇ?
– ನಿವೃತ್ತ ಓದುಗ

ಉತ್ತರ: ಸ್ವಾಮಿ, ಹೆಂಡತಿಯ ಪ್ರೀತಿಯ ವಾದ್ಯದ ಬಗ್ಗೆ ಇಷ್ಟು ಚಿಂತಿಸಿ ಪತ್ರ ಬರೆದ ನಿಮ್ಮನ್ನು ನಾನು ಹಾಗೆ ಕರೆಯಲಾರೆ. ನಿಮ್ಮಂಥವರ ಮೇಲೆ ಬಾರ್ಸಿಲೋನಾದ ಸಂಶೋಧಕರು 2014ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದ್ದಾರೆ. ಕಿವಿ ಸರಿಯಾಗಿದೆ, ಸ್ವರ, ಲಯ ತಿಳಿಯುತ್ತದೆ, ಇದು ಸಂತೋಷದ ರಾಗ, ಇದು ದುಃಖದ್ದು ಎಂದು ಹೇಳಬಲ್ಲರು. ಹಣ ಗೆಲ್ಲುವ ಆಟವಾಡಿಸಿದರೆ ಎಲ್ಲರಂತೆ ಹಿಗ್ಗುತ್ತಾರೆ. ಸಂಗೀತ ಹಾಕಿದಾಗ ಮಾತ್ರ ಅವರ ಹೃದಯದ ಬಡಿತದಲ್ಲೂ ಚರ್ಮದ ಪ್ರತಿಕ್ರಿಯೆಯಲ್ಲೂ ಉಳಿದವರಲ್ಲಿ ಕಾಣುವ ಏರಿಳಿತ ಕಾಣಲಿಲ್ಲ. ಇದು ಕಾಯಿಲೆಯಲ್ಲ, ಖಿನ್ನತೆಯೂ ಅಲ್ಲ. ಕೆಲವರು ಹಾಗಿರುತ್ತಾರೆ. ನೀವೂ ಅವರಲ್ಲೊಬ್ಬರೇ ಎಂದು ದೂರದಿಂದ ಹೇಳುವುದು ನನ್ನಿಂದಾಗದು. ಆದರೆ ತಲೆದೂಗುವ ನಾಟಕವನ್ನು ಇಂದೇ ನಿಲ್ಲಿಸಿ. ಅವರಿಗೆ ನೋವಾಗಿದ್ದು ನಿಮಗೆ ಇಷ್ಟವಾಗದ್ದಕ್ಕಲ್ಲ, ಇಷ್ಟವಾಯಿತೆಂದು ನಂಬಿ ಮನಸ್ಸು ಬಿಚ್ಚಿದ್ದಕ್ಕೆ.

ಸಾರಂಗಿ ಕೇಳದಿದ್ದರೂ ನೋಡಬಹುದು, ತಿಳಿದುಕೊಳ್ಳಬಹುದು. ಕಮಾನಿನಿಂದ ನುಡಿಸುವ ಈ ವಾದ್ಯದಲ್ಲಿ ಎಡಗೈ ಬೆರಳ ತುದಿಯಿಂದ ತಂತಿಯನ್ನು ಒತ್ತುವುದಿಲ್ಲ. ಉಗುರಿನ ಬುಡವನ್ನು ತಂತಿಯ ಪಕ್ಕಕ್ಕೆ ತಾಕಿಸಿ ಜಾರಿಸುತ್ತಾರೆ. ವರ್ಷಗಟ್ಟಲೆ ನುಡಿಸಿದವರ ಉಗುರಿನ ಬುಡದಲ್ಲಿ ಚರ್ಮ ಗಡುಸಾಗಿರುತ್ತದೆ. ಮುಖ್ಯ ತಂತಿಗಳ ಕೆಳಗೆ ಮೂವತ್ತಕ್ಕೂ ಹೆಚ್ಚು ತರಬ್ ತಂತಿಗಳು ತಾವಾಗಿಯೇ ಅನುರಣಿಸುತ್ತಿರುತ್ತವೆ. ಗಾಯಕರ ಹಿಂದೆ ಕೂತು ನುಡಿಸಬೇಕಾಗಿದ್ದ ಈ ವಾದ್ಯವನ್ನು ಒಂಟಿಯಾಗಿ ವೇದಿಕೆಗೆ ತಂದ ಪಂಡಿತ್ ರಾಮ್ ನಾರಾಯಣ್ 1954ರಲ್ಲಿ ಮುಂಬೈಯ ಉತ್ಸವವೊಂದರಲ್ಲಿ ಸೋಲೋ ನುಡಿಸಲು ಕೂತಾಗ, ದೊಡ್ಡ ಹೆಸರಿನವರಿಗಾಗಿ ಕಾದಿದ್ದ ಸಭಿಕರು ತಾಳ್ಮೆಗೆಟ್ಟು ಅರ್ಧಕ್ಕೇ ನಿಲ್ಲಿಸುವಂತೆ ಮಾಡಿದರು. ಎರಡು ವರ್ಷಗಳ ಬಳಿಕ ಅದೇ ನಗರದಲ್ಲಿ ಮತ್ತೆ ನುಡಿಸಿ ಗೆದ್ದರು. ಇದನ್ನು ನಿಮ್ಮ ಹೆಂಡತಿಯ ಜೊತೆ ಮಾತನಾಡಿ. ಅವರೊಂದಿಗೆ ಕಛೇರಿಗೆ ಹೋಗಿ, ವಾದಕರ ಎಡಗೈಯನ್ನು ನೋಡುತ್ತಾ ಕೂರಿ. ಮರಳುವಾಗ ‘ಇವತ್ತು ಯಾವ ಜಾಗ ಹಿಡಿಸಿತು?’ ಎಂದು ಕೇಳಿ, ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಮೇಲಿನ ಪತ್ರ ಬರೆದ ಓದುಗರಿಗೆ ಅಷ್ಟು ಮಾಡುವ ಒಬ್ಬರೂ ಇಲ್ಲ.

ಪ್ರಶ್ನೆ: ಯಾರೂ ಹಾಡದ ಅಪ್ರಚಲಿತ ರಾಗಗಳನ್ನು ಹುಡುಕಿ ಕೇಳುವುದು ನನ್ನ ಹವ್ಯಾಸ. ನಾನು ತುಂಬಾ ಇಷ್ಟಪಟ್ಟಿದ್ದ ಒಂದು ಆಲಾಪದ ತುಣುಕನ್ನು ಯಾರೋ ವಿಡಿಯೊವೊಂದರ ಹಿನ್ನೆಲೆಗೆ ಹಾಕಿ, ಈಗ ಅದು ಎಲ್ಲರ ಮೊಬೈಲಿನಲ್ಲೂ ಕೇಳುತ್ತದೆ. ನನ್ನದನ್ನು ಕಿತ್ತುಕೊಂಡ ಹಾಗಾಗಿದೆ. ಮೊದಲಿನಂತೆ ಅದನ್ನು ಕೇಳಲು ಆಗುತ್ತಿಲ್ಲ.
– ಪದವಿ ವಿದ್ಯಾರ್ಥಿ

ಉತ್ತರ: ನಿಮಗಾದ ನೋವು ನಿಜ, ಆದರೆ ಅದನ್ನು ಬೆಳೆಸಿಕೊಳ್ಳಬೇಡಿ. ರಾಗ ಮೊದಲಿನ ಹಾಗೆಯೇ ಇದೆ. ಬೇರೆಯವರಿಗೆ ಗೊತ್ತಿಲ್ಲ ಎಂಬುದೇ ನಿಮ್ಮ ಪ್ರೀತಿಗೆ ಕಾರಣವಾಗಿತ್ತೇ ಎಂದು ಒಮ್ಮೆ ಗಟ್ಟಿಯಾಗಿ ಕೇಳಿಕೊಳ್ಳಿ.

ಜೈಪುರ–ಅತ್ರೌಲಿ ಘರಾನಾ ಎಂಬ ಹಿಂದೂಸ್ತಾನಿ ಗಾಯನ ಪರಂಪರೆಯ ಇಬ್ಬರನ್ನು ನೋಡಿ. ಕೇಸರಬಾಯಿ ಕೇರ್ಕರ್ ತಮ್ಮ ಗಾಯನವನ್ನು ಧ್ವನಿಮುದ್ರಿಸಲು ಸುಲಭಕ್ಕೆ ಒಪ್ಪುತ್ತಿರಲಿಲ್ಲ. ಆದರೂ ಅವರು ಹಾಡಿದ ಭೈರವಿ 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಚಿನ್ನದ ಲೇಪದ ಧ್ವನಿತಟ್ಟೆಯಲ್ಲಿ ಸೇರಿ, ಅವರು ತೀರಿಕೊಳ್ಳುವುದಕ್ಕೆ ಕೆಲವೇ ವಾರಗಳ ಮುನ್ನ ಸೌರವ್ಯೂಹದಾಚೆಯ ದಾರಿ ಹಿಡಿಯಿತು. ಮಲ್ಲಿಕಾರ್ಜುನ ಮನಸೂರರಂತೂ ಶಿವಮತ ಭೈರವ, ಖಟ್, ಲಚ್ಛಾಸಾಖ್, ಬಿಹಾರಿಗಳಂಥ ಅಪರೂಪದ ರಾಗಗಳನ್ನು ಕಛೇರಿಯ ಮೇಲೆ ಕಛೇರಿಯಲ್ಲಿ ಹಾಡಿ ಹಾಡಿ ಕೇಳುಗರ ಕಿವಿಗೆ ಹಾಕಿದರು. ನೀವು ಇಂದು ಆ ರಾಗಗಳನ್ನು ಹುಡುಕಿ ಕೇಳಲು ಸಾಧ್ಯವಾಗಿರುವುದು ಅವರು ಅವನ್ನು ತಮ್ಮಲ್ಲೇ ಇಟ್ಟುಕೊಳ್ಳದಿದ್ದುದರಿಂದ.

ಆ ತುಣುಕಿನ ವಿಷಯದಲ್ಲಿ ನಿಮ್ಮಿಂದ ಒಂದು ಉಪಕಾರವಾಗಬೇಕು. ಅಂಥ ವಿಡಿಯೊಗಳಲ್ಲಿ ಹಾಡಿದವರ ಹೆಸರು ಇರುವುದಿಲ್ಲ, ರಾಗದ ಹೆಸರೂ ಇರುವುದಿಲ್ಲ. ನಿಮಗೆ ಎರಡೂ ಗೊತ್ತು. ಅದರ ಕೆಳಗೆ ಕಲಾವಿದರ ಹೆಸರು, ರಾಗ, ಪೂರ್ತಿ ಆಲಾಪ ಎಲ್ಲಿ ಸಿಗುತ್ತದೆ ಎಂಬುದನ್ನು ಬರೆಯಿರಿ. ನೂರು ಜನ ಅದನ್ನು ದಾಟಿ ಹೋಗುತ್ತಾರೆ. ಯಾರೋ ಒಬ್ಬರು ಪೂರ್ತಿ ಕೇಳಿ, ಇಂಥದ್ದೇ ಇನ್ನೊಂದು ಇದೆಯೇ ಎಂದು ನಿಮ್ಮನ್ನೇ ಕೇಳುತ್ತಾರೆ. ಆಗ ಅವರಿಗೆ ಯಾವುದನ್ನು ಕಳುಹಿಸಬೇಕು ಎಂದು ಈಗಲೇ ಯೋಚಿಸಿಡಿ.